ಪದಕ ಪಟ್ಟಿಯಲ್ಲಿ ಕಾಣದ ಊರು

ಒಂದು ಪ್ರಶ್ನೆ ಕೇಳ್ತೀನಿ. ಮೊಬೈಲ್ ತೆಗೀಬೇಡಿ, ಪಕ್ಕದಲ್ಲಿ ಕೂತಿರೋ ಮಗನನ್ನ ಕೇಳಬೇಡಿ, ನೀವೇ ಹೇಳಿ. 2025ರ ಜನವರಿ-ಫೆಬ್ರವರಿಯಲ್ಲಿ ಉತ್ತರಾಖಂಡದಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅಲ್ಲಿ ಬೆಂಗಳೂರಿನ ಒಬ್ಬ ಹುಡುಗಿ, ವಯಸ್ಸು ಹದಿನಾಲ್ಕು, 9 ಚಿನ್ನ ಗೆದ್ದಳು. ಹೆಸರು ಏನು?

ಧಿನಿಧಿ ದೇಸಿಂಗು. ಈಜುಗಾರ್ತಿ. ಅದಕ್ಕೂ ಕೆಲವೇ ತಿಂಗಳ ಹಿಂದೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿದ್ದ ಭಾರತ ತಂಡದಲ್ಲಿ ಅತ್ಯಂತ ಕಿರಿಯಳು ಅವಳೇ. ಅದೇ ಕೂಟದಲ್ಲಿ ನಮ್ಮದೇ ಶ್ರೀಹರಿ ನಟರಾಜ್ ಕೂಡ 9 ಚಿನ್ನ ತಂದ. ಎಷ್ಟು ಜನಕ್ಕೆ ಗೊತ್ತು? ಐಪಿಎಲ್‌ನಲ್ಲಿ ಆರ್‌ಸಿಬಿ ಯಾವ ಓವರಿನಲ್ಲಿ ಯಾರನ್ನ ಬೌಲಿಂಗಿಗೆ ಇಳಿಸಬೇಕಿತ್ತು ಅಂತ ಟೀ ಅಂಗಡಿಯಲ್ಲಿ ಅರ್ಧ ಗಂಟೆ ವಾದ ಮಾಡೋ ನಾಡು ನಮ್ಮದು. ಆದರೆ ನಮ್ಮ ರಾಜ್ಯದ ಹೆಸರನ್ನೇ ಅಂಗಿಯ ಮೇಲೆ ಹಾಕ್ಕೊಂಡು ಆಡುವ ಒಂದು ಕೂಟ ಇದೆ, ಅದು ನಡೆಯೋದೂ ಗೊತ್ತಾಗಲ್ಲ, ಮುಗಿಯೋದೂ ಗೊತ್ತಾಗಲ್ಲ. ಟಿವಿಯಲ್ಲಿ ಕೆಳಗೆ ಓಡುವ ಪಟ್ಟಿಯಲ್ಲಿ ಒಂದು ಸಾಲು ಬರುತ್ತೆ, ಹೋಗುತ್ತೆ. ಆ ಒಂದು ಸಾಲಿನ ಹಿಂದೆ ನೂರು ವರ್ಷದ ಕಥೆ ಇದೆ. ಇವತ್ತು ಅದನ್ನ ಹೇಳ್ತೀನಿ.

ಕಥೆ ಶುರುವಾಗೋದು ನಮ್ಮ ಬೆಳಗಾವಿಯ ಹುಡುಗನೊಬ್ಬನಿಂದ ಅಂದ್ರೆ ನಂಬ್ತೀರಾ?

1919ರ ಸುಮಾರು. ಪುಣೆಯಲ್ಲಿ ಡೆಕ್ಕನ್ ಜಿಮ್ಖಾನಾ ಅನ್ನೋ ಸಂಸ್ಥೆ. ಅದರ ಅಧ್ಯಕ್ಷರು ಸರ್ ದೊರಾಬ್ಜಿ ಟಾಟಾ, ಜಮ್ಶೆಡ್ಜಿ ಟಾಟಾ ಅವರ ಹಿರಿಯ ಮಗ. ಜಿಮ್ಖಾನಾದ ವಾರ್ಷಿಕ ಓಟದ ಸ್ಪರ್ಧೆಗೆ ಹಳ್ಳಿಗಾಡಿನ ಹುಡುಗರು ಬಂದಿದ್ದರು. ಕಾಲಲ್ಲಿ ಬೂಟಿಲ್ಲ, ಕೋಚ್ ಇಲ್ಲ, ಟ್ರ್ಯಾಕ್ ಅಂದ್ರೆ ಏನು ಅಂತ ಗೊತ್ತಿಲ್ಲ. ಆದರೆ ಅವರು ಓಡಿದ ವೇಗ ನೋಡಿ ಟಾಟಾ ಬೆರಗಾದರು. ಯುರೋಪಿನ ಓಟಗಾರರಿಗೂ ಇವರಿಗೂ ಬಹಳ ಅಂತರ ಇಲ್ವಲ್ಲ, ಇವರನ್ನ ಯಾಕೆ ಒಲಿಂಪಿಕ್ಸ್‌ಗೆ ಕಳಿಸಬಾರದು ಅನ್ನೋ ಆಲೋಚನೆ ಬಂತು. ಹಾಗೆ 1920ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ಗೆ ಹೋದ ಬೆರಳೆಣಿಕೆಯ ಭಾರತೀಯರಲ್ಲಿ ಒಬ್ಬ ಫಡೆಪ್ಪ ದಾರೆಪ್ಪ ಚೌಗುಲೆ. ಬೆಳಗಾವಿಯವನು. ಮ್ಯಾರಥಾನ್ ಓಡಿದ. 19ನೇ ಸ್ಥಾನ ಪಡೆದ.

ಹತ್ತೊಂಬತ್ತನೇ ಸ್ಥಾನ ಅಂದ್ರೆ ಏನು ಮಹಾ ಅಂತ ಅನ್ನಿಸಬಹುದು. ಒಂದು ನಿಮಿಷ ಯೋಚನೆ ಮಾಡಿ. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಕ್ರೀಡಾ ಇಲಾಖೆ ಇಲ್ಲ, ಒಲಿಂಪಿಕ್ ಸಂಸ್ಥೆ ಇಲ್ಲ. ಹಡಗು ಹತ್ತಿ ಸಮುದ್ರ ದಾಟಿ ಹೋಗಿ, ತನ್ನ ಜೀವನದಲ್ಲಿ ನೋಡಿರದ ಊರಲ್ಲಿ, ನಲವತ್ತೆರಡು ಕಿಲೋಮೀಟರಿಗೂ ಹೆಚ್ಚು ಓಡಿ, ಜಗತ್ತಿನ ಮೊದಲ ಇಪ್ಪತ್ತರೊಳಗೆ ಬಂದ ಹುಡುಗ ಅವನು. ಇವತ್ತು ಎಲ್ಲಾ ಸೌಕರ್ಯ ಇಟ್ಟುಕೊಂಡೂ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ನಮ್ಮವರು ಮೊದಲ ಇಪ್ಪತ್ತರಲ್ಲಿ ಬಂದರೆ ನಾವು ಬ್ರೇಕಿಂಗ್ ನ್ಯೂಸ್ ಹಾಕ್ತೀವಿ.

ಆದರೆ ಒಂದು ಸಮಸ್ಯೆ ಉಳಿಯಿತು. ಈ ಹುಡುಗರು ಸಿಕ್ಕಿದ್ದು ಪುಣೆಯ ಒಂದು ಜಿಮ್ಖಾನಾದ ಕಣ್ಣಿಗೆ ಬಿದ್ದಿದ್ದರಿಂದ. ಪುಣೆಗೆ ಬರಲಾಗದ ಹುಡುಗನ ಗತಿ ಏನು? ಪಂಜಾಬಿನಲ್ಲಿ, ಬಂಗಾಳದಲ್ಲಿ, ಮದ್ರಾಸಿನಲ್ಲಿ, ಮೈಸೂರಿನಲ್ಲಿ ಇನ್ನೆಷ್ಟು ಫಡೆಪ್ಪಂದಿರು ಇದ್ದರೋ? ಅವರನ್ನ ಹುಡುಕೋದು ಹೇಗೆ? ದಾರಿ ಒಂದೇ. ಪ್ರತಿ ಪ್ರಾಂತ್ಯವೂ ತನ್ನಲ್ಲಿ ಒಳ್ಳೆಯವರನ್ನ ಆರಿಸಲಿ, ಆಮೇಲೆ ಎಲ್ಲರನ್ನೂ ಒಂದೇ ಮೈದಾನಕ್ಕೆ ತಂದು ಓಡಿಸೋಣ. ಹಾಗೆ 1924ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ಗೆ ತಂಡ ಆರಿಸಲು, ಮೊದಲ ಅಖಿಲ ಭಾರತ ಕೂಟ ನಡೆಯಿತು. ಅದರ ಹೆಸರು ಇಂಡಿಯನ್ ಒಲಿಂಪಿಕ್ ಗೇಮ್ಸ್. ಟಾಟಾ ಜೊತೆಗೆ ಈ ಕೆಲಸಕ್ಕೆ ಹೆಗಲು ಕೊಟ್ಟವರು ವೈಎಂಸಿಎಯ ಡಾ. ನೋರೆನ್, ಮತ್ತೆ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಕ್ರೋ ಬಕ್. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ಟಾಟಾ ಮೊದಲ ಅಧ್ಯಕ್ಷರಾದರು.

ಇಲ್ಲಿ ಒಂದು ಮಾತು ಗಮನದಲ್ಲಿಡಿ. ಈ ಕೂಟ ಹುಟ್ಟಿದ್ದು ಯಾವ ಪ್ರಾಂತ್ಯ ದೊಡ್ಡದು ಅಂತ ತೋರಿಸೋಕೆ ಅಲ್ಲ. ಕಾಣದ ಊರಿನ ಹುಡುಗನನ್ನ ಹುಡುಕೋಕೆ. ಈ ಮಾತಿಗೆ ಆಮೇಲೆ ಮತ್ತೆ ಬರ್ತೀನಿ.

1928ರಲ್ಲಿ ಹಾಕಿಯವರೂ ಇದೇ ದಾರಿ ಹಿಡಿದರು. ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ಗೆ ತಂಡ ಆರಿಸಲು ಕಲ್ಕತ್ತಾದಲ್ಲಿ ಪ್ರಾಂತ್ಯಗಳ ನಡುವೆ ಟೂರ್ನಿ ನಡೆಸಿದರು. ಸಂಯುಕ್ತ ಪ್ರಾಂತ್ಯ ಗೆದ್ದಿತು. ಆ ತಂಡದಲ್ಲಿದ್ದ ಒಬ್ಬ ಸಿಪಾಯಿಯ ಹೆಸರು ಧ್ಯಾನ್ ಚಂದ್. ಆಮೇಲೆ ಏನಾಯಿತು ಅಂತ ಹೇಳಬೇಕಿಲ್ಲ. ಪ್ರಾಂತ್ಯ ಪ್ರಾಂತ್ಯ ಸೆಣಸಿ ದೇಶದ ತಂಡ ಆಗಬೇಕು ಅನ್ನೋ ಲೆಕ್ಕ ನೂರಕ್ಕೆ ನೂರು ಸರಿ ಅಂತ ಜಗತ್ತಿಗೇ ಗೊತ್ತಾಯಿತು.

ಎರಡು ವರ್ಷಕ್ಕೊಮ್ಮೆ ಕೂಟ ನಡೆಸುವ ಪದ್ಧತಿ ಬಂತು. ಲಾಹೋರ್, ಅಲಹಾಬಾದ್, ಮದ್ರಾಸ್, ಕಲ್ಕತ್ತಾ ಹೀಗೆ ಊರಿಂದ ಊರಿಗೆ ಸುತ್ತಿತು. 1940ರಲ್ಲಿ ಮುಂಬಯಿಯಲ್ಲಿ ನಡೆದಾಗ ಹೆಸರು ಬದಲಾಯಿತು, ನ್ಯಾಷನಲ್ ಗೇಮ್ಸ್ ಆಯಿತು. ದೇಶ ಸ್ವತಂತ್ರವಾಗೋಕೆ ಇನ್ನೂ ಏಳು ವರ್ಷ ಬಾಕಿ ಇರುವಾಗಲೇ ಆಟದ ಮೈದಾನದಲ್ಲಿ ರಾಷ್ಟ್ರ ಅನ್ನೋ ಪದ ಬಂದುಬಿಟ್ಟಿತ್ತು.

ಆಮೇಲೆ ವಿಭಜನೆ. ಈ ಕೂಟಕ್ಕೆ ಮತ್ತೆ ಮತ್ತೆ ಆತಿಥ್ಯ ಕೊಟ್ಟಿದ್ದ ಲಾಹೋರ್ ಬೇರೆ ದೇಶವಾಯಿತು. ಸ್ವತಂತ್ರ ಭಾರತದ ಮೊದಲ ಕೂಟ 1948ರಲ್ಲಿ ಲಖನೌದಲ್ಲಿ ನಡೆಯಿತು. ಅದೇ ವಿಭಜನೆಯಲ್ಲಿ ಅಪ್ಪ ಅಮ್ಮನನ್ನ ಕಳಕೊಂಡು ದಿಲ್ಲಿಗೆ ಓಡಿಬಂದ ಒಬ್ಬ ಹುಡುಗ ಸೇನೆಗೆ ಸೇರಿದ. ಅಲ್ಲಿ ಓಡೋದು ಕಲಿತ. 1958ರಲ್ಲಿ ಕಟಕ್‌ನಲ್ಲಿ ನಡೆದ ರಾಷ್ಟ್ರೀಯ ಕೂಟದಲ್ಲಿ 200 ಮೀಟರ್ ಮತ್ತು 400 ಮೀಟರ್ ಎರಡರಲ್ಲೂ ದಾಖಲೆ ಬರೆದ. ಮಿಲ್ಖಾ ಸಿಂಗ್. ಅದೇ ವರ್ಷ ಏಷ್ಯನ್ ಗೇಮ್ಸ್ ಚಿನ್ನ, ಕಾಮನ್‌ವೆಲ್ತ್ ಚಿನ್ನ. ಮನೆಯಿಲ್ಲದ ಹುಡುಗನಿಗೆ ಒಂದು ಟ್ರ್ಯಾಕ್ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಈಗ ನಮ್ಮ ಕಡೆ ಬರೋಣ. ಕರ್ನಾಟಕ ಅನ್ನೋ ತಂಡ ಯಾವಾಗ ಹುಟ್ಟಿತು? ಇದು ಕ್ರೀಡೆಯ ಪ್ರಶ್ನೆ ಅಂದ್ಕೊಂಡ್ರೆ ತಪ್ಪು, ಇದು ಇತಿಹಾಸದ ಪ್ರಶ್ನೆ. ಫಡೆಪ್ಪ ಚೌಗುಲೆ ಓಡಿದ ಕಾಲದಲ್ಲಿ ಬೆಳಗಾವಿ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮನ ಹೈದರಾಬಾದಿನಲ್ಲಿ. ಕೊಡಗು ಬೇರೆ, ಮೈಸೂರು ಸಂಸ್ಥಾನ ಬೇರೆ. ಅಂದ್ರೆ ಆಗ ಐದು ಕಡೆಯ ಕನ್ನಡದ ಹುಡುಗರು ಐದು ಬೇರೆ ಬೇರೆ ಆಡಳಿತದ ಮಕ್ಕಳು. ಒಬ್ಬರ ವಿರುದ್ಧ ಒಬ್ಬರು ಓಡಬೇಕಾದವರು! 1956ರಲ್ಲಿ ಏಕೀಕರಣ ಆದಮೇಲೆ ತಾನೇ ಬೀದರಿನವನೂ ಮಡಿಕೇರಿಯವನೂ ಒಂದೇ ಅಂಗಿ ಹಾಕುವ ಹಾಗಾಗಿದ್ದು? ಏಕೀಕರಣದಿಂದ ನಮಗೆ ಏನು ಸಿಕ್ಕಿತು ಅಂತ ಪ್ರತಿ ನವೆಂಬರಿನಲ್ಲಿ ಭಾಷಣ ಕೇಳ್ತೀವಿ. ಒಂದು ತಂಡ ಸಿಕ್ಕಿತು ಅಂತ ಯಾರೂ ಹೇಳೋದಿಲ್ಲ.

1966ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಲ ಈ ಕೂಟ ನಡೆಯಿತು. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ಎರಡನೇ ಸಲ ನಡೆದದ್ದು 1997ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ. ಅಷ್ಟರಲ್ಲಿ ರಾಜ್ಯದ ಹೆಸರೂ ಬದಲಾಗಿತ್ತು, ಕೂಟದ ಸ್ವರೂಪವೂ ಬದಲಾಗಿತ್ತು.

ಆ ಬದಲಾವಣೆ ಏನು ಅಂತ ಸ್ವಲ್ಪ ಹೇಳ್ತೀನಿ. 1970ರಲ್ಲಿ ಕಟಕ್‌ನಲ್ಲಿ ನಡೆದ ಮೇಲೆ ಕೂಟ ಸೊರಗಿತು. ಮುಂದಿನದು 1979ರಲ್ಲಿ, ಹೈದರಾಬಾದಿನಲ್ಲಿ. ಒಂಬತ್ತು ವರ್ಷದ ಅಂತರ. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಕಲರ್ ಟಿವಿ ಬಂದದ್ದು ಆಗಲೇ, ನೆನಪಿದೆಯಲ್ಲ? ದೊಡ್ಡ ದೊಡ್ಡ ಸ್ಟೇಡಿಯಂ ಎದ್ದು ನಿಂತವು. ಇವುಗಳನ್ನ ಸುಮ್ಮನೆ ಬಿಡಬಾರದು, ಒಲಿಂಪಿಕ್ಸ್ ಮಾದರಿಯಲ್ಲೇ ರಾಷ್ಟ್ರೀಯ ಕೂಟ ನಡೆಸಬೇಕು ಅನ್ನೋ ಯೋಚನೆ ಬಂತು. 1985ರಲ್ಲಿ ದಿಲ್ಲಿಯಲ್ಲಿ ಹೊಸ ರೂಪದ ಮೊದಲ ಕೂಟ. ಅಲ್ಲಿಂದ ಮುಂದೆ ಆತಿಥ್ಯ ವಹಿಸೋದು ರಾಜ್ಯಗಳ ಪ್ರತಿಷ್ಠೆಯ ವಿಷಯ ಆಗಿಬಿಟ್ಟಿತು.

ಪ್ರತಿಷ್ಠೆ ಬಂದ ಮೇಲೆ ಏನಾಗುತ್ತೆ? ಈ ಪಟ್ಟಿ ನೋಡಿ. 1987, ಆತಿಥೇಯ ಕೇರಳ, ಪದಕ ಪಟ್ಟಿಯಲ್ಲಿ ಮೊದಲ ಸ್ಥಾನ ಕೇರಳ. 1994, ಆತಿಥೇಯ ಮಹಾರಾಷ್ಟ್ರ, ಮೊದಲ ಸ್ಥಾನ ಮಹಾರಾಷ್ಟ್ರ. 1997, ಆತಿಥೇಯ ಕರ್ನಾಟಕ, ಮೊದಲ ಸ್ಥಾನ ಕರ್ನಾಟಕ. 1999, ಮಣಿಪುರದಲ್ಲಿ ಕೂಟ, ಗೆದ್ದಿದ್ದು ಮಣಿಪುರ. 2001, ಪಂಜಾಬಿನಲ್ಲಿ ಕೂಟ, ಗೆದ್ದಿದ್ದು ಪಂಜಾಬ್. 2002, ಆಂಧ್ರದಲ್ಲಿ ಕೂಟ, ಗೆದ್ದಿದ್ದು ಆಂಧ್ರ. ಆರಕ್ಕೆ ಆರು! ಮದುವೆ ಯಾರ ಮನೆಯದ್ದೋ ಊಟ ಅವರಿಗೇ ಮೊದಲು ಅನ್ನೋ ಹಾಗೆ.

ಇದು ಮೋಸ ಅಂತ ನಾನು ಹೇಳ್ತಿಲ್ಲ. ಲೆಕ್ಕ ಸರಳ. ಆತಿಥೇಯ ರಾಜ್ಯಕ್ಕೆ ತಂಡದ ಆಟಗಳಲ್ಲಿ ಅರ್ಹತೆಯ ತಲೆನೋವಿಲ್ಲ, ನೇರ ಪ್ರವೇಶ. ಆಟಗಾರರಿಗೆ ತಿಂಗಳುಗಟ್ಟಲೆ ಶಿಬಿರ, ಒಳ್ಳೆ ಊಟ, ಕೋಚ್‌ಗಳು. ತಮ್ಮದೇ ಮೈದಾನ, ತಮ್ಮದೇ ಜನ. ಇದಕ್ಕೆ ಸರ್ಕಾರ ದುಡ್ಡು ಸುರಿಯುತ್ತೆ. ಅಂದ್ರೆ ಯಾವ ರಾಜ್ಯ ಮನಸ್ಸು ಮಾಡುತ್ತೋ ಆ ರಾಜ್ಯ ಗೆಲ್ಲುತ್ತೆ ಅಂತಾಯ್ತು. ಈಚಿನ ಉದಾಹರಣೆ ಬೇಕಾ? 2023ರಲ್ಲಿ ಗೋವಾ ಕೂಟದಲ್ಲಿ ಉತ್ತರಾಖಂಡ 25ನೇ ಸ್ಥಾನದಲ್ಲಿತ್ತು. 2025ರಲ್ಲಿ ತಾನೇ ಆತಿಥ್ಯ ವಹಿಸಿದಾಗ 103 ಪದಕ ಗೆದ್ದು ಏಳನೇ ಸ್ಥಾನಕ್ಕೆ ಬಂತು. ಒಂದೂವರೆ ವರ್ಷದೊಳಗೆ ಆ ಗುಡ್ಡಗಾಡಿನ ಹುಡುಗರ ರಕ್ತ ಬದಲಾಯಿತಾ? ಇಲ್ಲ. ಸರ್ಕಾರದ ಗಮನ ಬದಲಾಯಿತು, ಅಷ್ಟೇ. ಪ್ರತಿಭೆ ಇರೋದು ಹೌದು, ಗಮನ ಕೊಟ್ಟರೆ ಬರೋದೂ ಹೌದು ಅಂತ ಈ ಪಟ್ಟಿ ಸಾರಿ ಸಾರಿ ಹೇಳ್ತಿದೆ. ಹಾಗಾದ್ರೆ ಕೂಟ ಮುಗಿದ ಮರುದಿನ ಆ ಗಮನ ಎಲ್ಲಿಗೆ ಹೋಗುತ್ತೆ? ನನ್ನ ಪ್ರಶ್ನೆ ಇರೋದು ಅಲ್ಲಿ.

1997ರ ಬೆಂಗಳೂರನ್ನೇ ತಗೊಳ್ಳಿ. ಕಂಠೀರವ ಕ್ರೀಡಾಂಗಣಕ್ಕೆ ಹೊಸ ರೂಪ ಬಂತು. ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣ ಬಂತು. ಮೈಸೂರಿನಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣ ಬಂತು. ಆಟಗಾರರು ಇಳಿದುಕೊಳ್ಳಲು ಕೋರಮಂಗಲದಲ್ಲಿ ಒಂದು ಊರನ್ನೇ ಕಟ್ಟಿದರು, ನ್ಯಾಷನಲ್ ಗೇಮ್ಸ್ ವಿಲೇಜ್. ಬ್ಲಾಕುಗಳಿಗೆ ನದಿಗಳ ಹೆಸರಿಟ್ಟರು. ಕೂಟ ಮುಗಿಯಿತು, ಫ್ಲ್ಯಾಟ್‌ಗಳನ್ನ ಜನರಿಗೆ ಮಾರಿದರು. ಇವತ್ತು ಆಟೋದವರಿಗೆ ಎನ್‌ಜಿವಿ ಅಂದ್ರೆ ಸಾಕು, ನೇರ ಕರ್ಕೊಂಡು ಹೋಗ್ತಾರೆ. ಆ ಎನ್ ಅಂದ್ರೆ ಏನು, ಜಿ ಅಂದ್ರೆ ಏನು ಅಂತ ಅಲ್ಲಿ ಕಾಫಿ ಕುಡಿಯೋ ಇಪ್ಪತ್ತೈದರ ಹುಡುಗರನ್ನ ಕೇಳಿ ನೋಡಿ. ತಲೆ ಕೆರೆದುಕೊಳ್ತಾರೆ.

ಕಂಠೀರವದ ಕಥೆ ಇನ್ನೂ ವಿಚಿತ್ರ. ನೀವು ನಮ್ಮ ವೀಕ್ಷಕರಾಗಿದ್ದರೆ ಕಂಠೀರವವನ್ನ ಎಷ್ಟು ಸಲ ಲೈವ್ ನೋಡಿದ್ದೀರಿ, ಯಾವುದಕ್ಕೆ ನೋಡಿದ್ದೀರಿ? 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನ. ಲಕ್ಷಾಂತರ ಜನ ಸಾಲುಗಟ್ಟಿ ನಿಂತಿದ್ದರು. 2013ರಲ್ಲಿ, ಮತ್ತೆ 2023ರಲ್ಲಿ ಸಿದ್ದರಾಮಯ್ಯನವರ ಪ್ರಮಾಣವಚನ. ನಾಡಿನ ದುಃಖಕ್ಕೂ ಅದೇ ಜಾಗ, ಅಧಿಕಾರದ ಸಂಭ್ರಮಕ್ಕೂ ಅದೇ ಜಾಗ. ತಪ್ಪೇನಿಲ್ಲ, ಜನ ಸೇರುವ ಜಾಗ ಬೇಕಲ್ಲ. ಆದರೆ ಆ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಬೆಳಗ್ಗೆ ಐದೂವರೆಗೆ ಓಡೋ ಹುಡುಗಿಯನ್ನ ನಾವು ಲೈವ್ ನೋಡಿಲ್ಲ. ವೇದಿಕೆ ಹಾಕುವಾಗ, ಕುರ್ಚಿ ಜೋಡಿಸುವಾಗ, ಫುಟ್‌ಬಾಲಿಗೂ ಅಥ್ಲೆಟಿಕ್ಸಿಗೂ ಜಾಗಕ್ಕೆ ಜಗಳ ಆಗುವಾಗ, ಅವಳ ಆ ದಿನದ ಅಭ್ಯಾಸ ಏನಾಗುತ್ತೆ ಅಂತ ಕೇಳೋರು ಕಡಿಮೆ.

ಹಾಗಂತ 1997 ದಂಡವಾಯಿತಾ? ಖಂಡಿತ ಇಲ್ಲ. ಬೆಂಗಳೂರಿನ ಮಕ್ಕಳಿಗೆ ಅದರಿಂದ ಸಿಕ್ಕಿದ್ದು ದೊಡ್ಡದು. ಎರಡೇ ವರ್ಷ ಕಳೆದು 1999ರಲ್ಲಿ ಇಂಫಾಲದಲ್ಲಿ ಕೂಟ ನಡೆದಾಗ ನಮ್ಮ ನಿಶಾ ಮಿಲೆಟ್ ಒಬ್ಬಳೇ 14 ಚಿನ್ನ ಗೆದ್ದಳು. 2022ರಲ್ಲಿ ಗುಜರಾತಿನಲ್ಲಿ ಹಾಶಿಕಾ ರಾಮಚಂದ್ರ, ಹದಿನಾಲ್ಕರ ಹುಡುಗಿ, 6 ಚಿನ್ನ ಗೆದ್ದು ಕೂಟದ ಶ್ರೇಷ್ಠ ಕ್ರೀಡಾಪಟು ಆದಳು. 2023ರಲ್ಲಿ ಗೋವಾದಲ್ಲಿ ಶ್ರೀಹರಿ ನಟರಾಜ್ 8 ಚಿನ್ನ. 2025ರ ಲೆಕ್ಕ ಮೊದಲೇ ಹೇಳಿದೆ. ಮೂರು ದಶಕದ ಹತ್ತಿರ ಹತ್ತಿರ ಕರ್ನಾಟಕದ ಈಜು ದೇಶಕ್ಕೇ ಮಾದರಿ.

ಈಗ ಈ ಹೆಸರುಗಳನ್ನ ಮತ್ತೊಮ್ಮೆ ಓದಿ. ನಿಶಾ, ಹಾಶಿಕಾ, ಶ್ರೀಹರಿ, ಧಿನಿಧಿ. ಎಲ್ಲರೂ ಈಜುಕೊಳದವರು, ಎಲ್ಲರೂ ಪಳಗಿದ್ದು ಬೆಂಗಳೂರಿನ ನೀರಿನಲ್ಲಿ. ಅವರ ಸಾಧನೆಗೆ ದೊಡ್ಡ ನಮಸ್ಕಾರ. ಆದರೆ ಒಂದು ರಾಜ್ಯದ ಹೆಮ್ಮೆಯ ಇಷ್ಟು ದೊಡ್ಡ ಪಾಲು ಒಂದೇ ನಗರದ ಕೆಲವು ಈಜುಕೊಳಗಳಿಂದ ಬರ್ತಿದೆ ಅಂದ್ರೆ, ಉಳಿದ ಮೂವತ್ತು ಜಿಲ್ಲೆಗಳ ಲೆಕ್ಕ ಕೇಳಬೇಕೋ ಬೇಡವೋ? ಮೂಡುಬಿದಿರೆಯಲ್ಲಿ ಅಥ್ಲೀಟ್‌ಗಳನ್ನ ಬೆಳೆಸ್ತಾರೆ. ಬೆಳಗಾವಿ ಜಿಲ್ಲೆಯ ಚಂದರಗಿಯಲ್ಲಿ ಕ್ರೀಡಾ ಶಾಲೆ ಇದೆ. ಕೊಡಗಿನವರ ಹಾಕಿ ಯಾರೂ ಹೇಳಿಕೊಡಬೇಕಾದ್ದಲ್ಲ. ಧಾರವಾಡ, ಬಾಗಲಕೋಟೆ ಕಡೆ ಗರಡಿಮನೆಯ ಮಣ್ಣು ಇನ್ನೂ ಒಣಗಿಲ್ಲ. ಬೀಜ ಇದೆ ಸ್ವಾಮಿ, ನೀರು ಬೇಕು.

2007ರ ಗುವಾಹಟಿ ಕೂಟದಲ್ಲಿ ಒಂದು ತಮಾಷೆ ಆಯಿತು. ಆತಿಥೇಯರು ಗೆಲ್ಲುವ ಪರಂಪರೆ ಮುರಿದು ಬಿತ್ತು. ಮುರಿದದ್ದು ಯಾವ ರಾಜ್ಯವೂ ಅಲ್ಲ. ಸರ್ವೀಸಸ್! ಭೂಮಿ ಇಲ್ಲದ, ಮುಖ್ಯಮಂತ್ರಿ ಇಲ್ಲದ, ವಿಧಾನಸಭೆ ಇಲ್ಲದ ತಂಡ. ಭೂಸೇನೆ, ನೌಕಾಪಡೆ, ವಾಯುಪಡೆಯವರು ಸೇರಿ ಆಡುವ ತಂಡ. 2007ರಲ್ಲಿ ಅವರು ಮೊದಲು, 2011ರಲ್ಲಿ ಮೊದಲು, 2015ರಲ್ಲಿ ಮೊದಲು, 2022ರಲ್ಲಿ ಮೊದಲು. 2023ರಲ್ಲಿ ಮಾತ್ರ ಮಹಾರಾಷ್ಟ್ರ 80 ಚಿನ್ನದೊಂದಿಗೆ ಅವರನ್ನ ಹಿಂದೆ ಹಾಕಿತು. 2025ರಲ್ಲಿ ಸರ್ವೀಸಸ್ 68 ಚಿನ್ನ ಗೆದ್ದು ಮತ್ತೆ ಮೇಲೆ.

ಯಾಕೆ ಗೆಲ್ತಾರೆ? ಅವರೇನು ಬೇರೆ ಗ್ರಹದಿಂದ ಬಂದವರಾ? ನಮ್ಮ ನಿಮ್ಮ ಊರಿನ ಹುಡುಗರೇ. ವ್ಯತ್ಯಾಸ ಇಷ್ಟೇ, ಸೇನೆ ಚಿಕ್ಕ ವಯಸ್ಸಿನ ಹುಡುಗರನ್ನ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳಿಗೆ ಆರಿಸಿಕೊಳ್ಳುತ್ತೆ, ಓದಿಸುತ್ತೆ, ಊಟ ಹಾಕುತ್ತೆ, ಕಲಿಸುತ್ತೆ. ಪುಣೆಯಲ್ಲಿ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇದೆ. ದೊಡ್ಡವನಾದ ಮೇಲೆ ಕೆಲಸ ಇದೆ, ಸಂಬಳ ಇದೆ, ಗಾಯವಾದರೆ ಆಸ್ಪತ್ರೆ ಇದೆ. ನಾಳೆ ಏನು ಅನ್ನೋ ಚಿಂತೆ ಇಲ್ಲದ ಹುಡುಗ ಇವತ್ತಿನ ಓಟದ ಮೇಲೆ ಗಮನ ಇಡ್ತಾನೆ. ಕೂಟ ಬರಲಿ ಬಿಡಲಿ, ಅವರ ತಾಲೀಮು ನಿಲ್ಲಲ್ಲ. ರಾಜ್ಯಗಳು ಹಬ್ಬಕ್ಕೆ ಮಾತ್ರ ಮನೆ ತೊಳೀತಾವೆ. ಸೇನೆ ದಿನಾ ಗುಡಿಸುತ್ತೆ.

ಇನ್ನು ಕೂಟ ನಡೆಯೋದಾದರೂ ಹೊತ್ತಿಗೆ ಸರಿಯಾಗಿ ನಡೆಯುತ್ತಾ? ಮೂಲ ನಿಯಮ ಎರಡು ವರ್ಷಕ್ಕೊಮ್ಮೆ. 2002 ಆದಮೇಲೆ 2007. ಆಮೇಲೆ 2011. ಆಮೇಲೆ 2015. ಆಮೇಲೆ 2022, ಏಳು ವರ್ಷದ ಅಂತರ! ಜಾರ್ಖಂಡ್ ಕೂಟ ಹಲವು ಬಾರಿ ಮುಂದೆ ಹೋಗಿ ಕೊನೆಗೆ 2011ರಲ್ಲಿ ನಡೆಯಿತು. ಅದರ ಖರ್ಚಿನಲ್ಲಿ ಅಕ್ರಮದ ಆರೋಪ ಬಂದು ಕೇಸ್ ಆಯಿತು, 2022ರಲ್ಲಿ ಹೈಕೋರ್ಟ್ ತನಿಖೆಯನ್ನ ಸಿಬಿಐಗೆ ಕೊಟ್ಟಿತು. ಆಟ ಮುಗಿದು ಹನ್ನೊಂದು ವರ್ಷಕ್ಕೆ! ಗೋವಾ ವರ್ಷಾನುಗಟ್ಟಲೆ ಮುಂದೂಡುತ್ತಾ ಹೋಯಿತು, ನಡುವೆ ಕೊರೊನಾ ಬಂತು. ಗೋವಾಕ್ಕಿಂತ ಮೊದಲೇ ಗುಜರಾತ್ ಕೆಲವೇ ತಿಂಗಳ ತಯಾರಿಯಲ್ಲಿ 2022ರಲ್ಲಿ ನಡೆಸಿಬಿಟ್ಟಿತು. ಗೋವಾ 2023ರಲ್ಲಿ ನಡೆಸಿತು. ನಮ್ಮ ಲಗೋರಿಯೂ ಅಲ್ಲಿ ಕಣಕ್ಕಿಳಿಯಿತು ಅನ್ನೋದು ಒಂದು ಸಂತೋಷ.

ಮುಂದೂಡಿದರೆ ಏನಾಯ್ತು, ಕೊನೆಗೂ ನಡೆಯಿತಲ್ಲ ಅಂತ ಎಸಿ ರೂಮಿನಲ್ಲಿ ಕೂತವರಿಗೆ ಅನ್ನಿಸಬಹುದು. ಒಬ್ಬ ಓಟಗಾರ್ತಿಯ ಜಾಗದಲ್ಲಿ ನಿಂತು ನೋಡಿ. 2015ರಲ್ಲಿ ಅವಳಿಗೆ ಹದಿನೇಳು, ಸ್ವಲ್ಪದರಲ್ಲಿ ಪದಕ ತಪ್ಪಿತು. ಮುಂದಿನ ಸಲ ಗೆಲ್ತೀನಿ ಅಂದ್ಕೊಂಡಳು. ಮುಂದಿನ ಸಲ ಬಂದದ್ದು ಅವಳಿಗೆ ಇಪ್ಪತ್ತನಾಲ್ಕು ಆದಾಗ. ಅಷ್ಟರಲ್ಲಿ ಮದುವೆ ಆಗಿರುತ್ತೆ, ಇಲ್ಲಾ ಮಂಡಿ ನೋವು ಬಂದಿರುತ್ತೆ, ಇಲ್ಲಾ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿರ್ತಾಳೆ. ನಮ್ಮ ದೇಶದಲ್ಲಿ ರಾಷ್ಟ್ರಮಟ್ಟದಲ್ಲಿ ರಾಜ್ಯವನ್ನ ಪ್ರತಿನಿಧಿಸಿದ ಒಂದು ಸರ್ಟಿಫಿಕೇಟ್ ಅಂದ್ರೆ ಕ್ರೀಡಾ ಕೋಟಾದ ಬಾಗಿಲು. ರೈಲ್ವೆ, ಪೊಲೀಸ್, ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿ. ಕಬಡ್ಡಿ ಆಡುವ ಹಳ್ಳಿಯ ಹುಡುಗನಿಗೆ, ಕುಸ್ತಿ ಆಡುವ ರೈತನ ಮಗನಿಗೆ ಅದು ಬರೀ ಕಾಗದ ಅಲ್ಲ, ಮನೆಗೆ ತಿಂಗಳ ಸಂಬಳ. ಅಧಿಕಾರಿಗಳ ಮೀಟಿಂಗಿನಲ್ಲಿ ಕೂಟ ಮುಂದೂಡಲಾಗಿದೆ ಅಂತ ಒಂದು ಸಾಲು ಬರೆದಾಗ, ಎಲ್ಲೋ ಒಂದು ಮನೆಯಲ್ಲಿ ಒಂದು ಉದ್ಯೋಗ ಮುಂದೆ ಹೋಗುತ್ತೆ. ಕೆಲವೊಮ್ಮೆ ಶಾಶ್ವತವಾಗಿ ಹೋಗುತ್ತೆ.

ಮೊದಲು ಒಂದು ಮಾತು ಗಮನದಲ್ಲಿಡಿ ಅಂದಿದ್ದೆ. ಈ ಕೂಟ ಹುಟ್ಟಿದ್ದು ಕಾಣದ ಹುಡುಗನನ್ನ ಹುಡುಕೋಕೆ ಅಂತ. ಆ ಕೆಲಸ ಈಗಲೂ ನಡೀತಿದೆಯಾ? ನಡೀತಿದೆ. ಅದಕ್ಕೆ ಒಂದೇ ಉದಾಹರಣೆ ಸಾಕು. 2015, ಕೇರಳ. ಜಾವೆಲಿನ್ ಎಸೆತದ ಸ್ಪರ್ಧೆ. ಹರಿಯಾಣದ ರೈತ ಕುಟುಂಬದ ಹದಿನೇಳು ವರ್ಷದ ಹುಡುಗ ಐದನೇ ಸ್ಥಾನಕ್ಕೆ ಬಂದ. ಐದನೇ ಸ್ಥಾನಕ್ಕೆ ಪದಕ ಇಲ್ಲ. ಪದಕ ಪಟ್ಟಿಯಲ್ಲಿ ಅವನ ಹೆಸರಿಗೆ ಜಾಗ ಇಲ್ಲ. ಪೇಪರಿನಲ್ಲಿ ಫೋಟೋ ಇಲ್ಲ. ಆದರೆ ನೋಡಬೇಕಾದವರು ನೋಡಿದರು. ಆ ಪ್ರದರ್ಶನದ ಮೇಲೆ ಅವನಿಗೆ ಪಟಿಯಾಲದ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ ಕರೆ ಬಂತು. ಆರು ವರ್ಷದ ನಂತರ ಟೋಕಿಯೊದಲ್ಲಿ ಆ ಹುಡುಗ ಒಲಿಂಪಿಕ್ ಚಿನ್ನ ಗೆದ್ದ. ನೀರಜ್ ಚೋಪ್ರಾ.

ಹೇಳಿ ನೋಡೋಣ, 2015ರ ಆ ಕೂಟದಲ್ಲಿ ಯಾವ ರಾಜ್ಯ ಎಷ್ಟನೇ ಸ್ಥಾನ ಪಡೆಯಿತು ಅಂತ ಇವತ್ತು ಯಾರಿಗಾದರೂ ಬೇಕಾ? ಆ ಐದನೇ ಸ್ಥಾನದ ಹುಡುಗ ಮಾತ್ರ ದೇಶಕ್ಕೆ ಉಳಿದ. 1920ರಲ್ಲಿ ದೊರಾಬ್ಜಿ ಟಾಟಾ ಫಡೆಪ್ಪನಲ್ಲಿ ಏನು ನೋಡಿದರೋ, 2015ರಲ್ಲಿ ಯಾರೋ ನೀರಜ್‌ನಲ್ಲಿ ಅದನ್ನೇ ನೋಡಿದರು. ನಡುವೆ ಇರೋ ತೊಂಬತ್ತೈದು ವರ್ಷದಲ್ಲಿ ಕೂಟದ ಹೆಸರು ಬದಲಾಯಿತು, ರೂಪ ಬದಲಾಯಿತು, ಸ್ಟೇಡಿಯಂಗಳು ಎದ್ದವು, ಹಣ ಹರಿಯಿತು, ಕೇಸ್‌ಗಳಾದವು. ಕೆಲಸ ಮಾತ್ರ ಅದೇ.

ಮುಂದಿನ ಕೂಟದ ಸರದಿ ಮೇಘಾಲಯದ್ದು ಅಂತ ಘೋಷಣೆ ಆಗಿದೆ. ನಡೆದಾಗ ನಮ್ಮ ಚಾನೆಲ್ಲೂ ಸೇರಿ ಎಲ್ಲರೂ ಪದಕ ಪಟ್ಟಿ ತೋರಿಸ್ತೀವಿ. ಕರ್ನಾಟಕ ನಾಲ್ಕನೇ ಸ್ಥಾನವೋ ಐದನೇ ಸ್ಥಾನವೋ ಅಂತ ಹೇಳ್ತೀವಿ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸ್ಥಾನ ನೋಡಿ ಸುಮ್ಮನಾಗಬೇಡಿ. ಕರ್ನಾಟಕ ತಂಡದ ಪಟ್ಟಿ ಹುಡುಕಿ, ಹೆಸರಿನ ಪಕ್ಕ ಊರು ಯಾವುದು ಅಂತ ನೋಡಿ. ಯಾದಗಿರಿ ಇದೆಯಾ? ಚಾಮರಾಜನಗರ ಇದೆಯಾ? ಕೊಪ್ಪಳ ಇದೆಯಾ? ನಿಮ್ಮ ಜಿಲ್ಲೆ ಇದೆಯಾ? ಇಲ್ಲ ಅಂದ್ರೆ ನಿಮ್ಮ ಶಾಸಕರು ಮುಂದಿನ ಸಲ ವೋಟ್ ಕೇಳೋಕೆ ಬಂದಾಗ ಚರಂಡಿ, ರಸ್ತೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿ. ನಮ್ಮ ತಾಲೂಕಿನ ಕ್ರೀಡಾಂಗಣದಲ್ಲಿ ಕೋಚ್ ಯಾರು, ಅವರಿಗೆ ಈ ತಿಂಗಳ ಸಂಬಳ ಬಂದಿದೆಯಾ?

ಉತ್ತರ ಬರುವ ತನಕ ಬಿಡಬೇಡಿ.